ಕೊಳ್ಳುವವರ ಕಾದಂಬರಿ, ಬೆಳೆಯುವವರ ಓದು

(ವಕ್ಕಲೇರಿಯಲ್ಲಿ ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳ ಮುಂದೆ ಮಂಡಿಸಿದ ಉಪನ್ಯಾಸದ ಬರಹರೂಪ)



ಪರಿಸರದ ಸಭೆಯಲ್ಲಿ ಕಾದಂಬರಿಯ ಮಾತೇಕೆ ಎಂದು ಕೇಳುವವರಿದ್ದಾರೆ. ಕೆರೆಯಲ್ಲಿ ತುಂಬಿದ ಹೂಳು, ಬೆಟ್ಟವನ್ನು ಕರಗಿಸುವ ಕಲ್ಲುಗಣಿ, ಹೊಲವನ್ನು ಆವರಿಸಿದ ನೀಲಗಿರಿ, ಸಾವಿರ ಅಡಿ ದಾಟಿದರೂ ನೀರು ಕಾಣದ ಕೊಳವೆಬಾವಿ ಇವೆಲ್ಲ ಕಣ್ಣೆದುರಿಗಿರುವಾಗ ಕತೆ ಕಾದಂಬರಿಗಳು ಬಿಡುವಿನ ಹೊತ್ತಿನ ಹವ್ಯಾಸವೆನಿಸುವುದು ಸಹಜ. ಆದರೆ ಬೆಟ್ಟ ಕರಗುವುದು ಎಲ್ಲೋ ಒಂದು ಮನೆ ಏಳುವುದಕ್ಕಾಗಿ. ಕೊಳವೆಬಾವಿ ಬತ್ತುವುದು ಎಲ್ಲೋ ಒಂದು ತಟ್ಟೆ ತುಂಬುವುದಕ್ಕಾಗಿ. ಕೊಳ್ಳುವ ಮನಸ್ಸು ಹೇಗೆ ಹುಟ್ಟುತ್ತದೆ, ಅದು ಮನೆಯೊಳಗಿನ ಸಂಬಂಧಗಳನ್ನು ಏನು ಮಾಡುತ್ತದೆ ಎಂಬುದನ್ನು ಅಂಕಿಅಂಶಗಳು ಹೇಳಲಾರವು. ಕಾದಂಬರಿ ಹೇಳಬಲ್ಲದು. ಅದು ನಿಜವಾಗಿ ಹೇಳುತ್ತದೆಯೇ, ಹೇಳಿದರೂ ಅದರಿಂದ ಪ್ರಯೋಜನವಿದೆಯೇ ಎಂಬ ವಿಷಯದಲ್ಲಿ ಮಾತ್ರ ಓದುಗರಲ್ಲಿ ಒಮ್ಮತವಿಲ್ಲ. ಆ ಭಿನ್ನಮತವೇ ಈ ಉಪನ್ಯಾಸದ ವಸ್ತು.

ಚರ್ಚೆಗೆ ಮುಖ್ಯವಾಗಿ ಎರಡು ಕೃತಿಗಳನ್ನು ಆಯ್ದುಕೊಳ್ಳಲಾಗಿದೆ. ಮೊದಲನೆಯದು ವಿವೇಕ ಶಾನಭಾಗರ ಕಿರುಕಾದಂಬರಿ ‘ಘಾಚರ್ ಘೋಚರ್’. ಎರಡನೆಯದು ಅಮೆರಿಕದ ಡಾನ್ ಡೆಲಿಲೊ ಬರೆದ ‘ವೈಟ್ ನಾಯ್ಸ್’. ಕೊನೆಯ ಭಾಗದಲ್ಲಿ ಮಲೆನಾಡಿನ ಒಂದು ಕಾದಂಬರಿಯೂ ಬರುತ್ತದೆ.

ಮಸಾಲೆಯಿಂದ ಎದ್ದ ಮನೆ

‘ಘಾಚರ್ ಘೋಚರ್’ 2013ರಲ್ಲಿ ಸಾಗರ ತಾಲ್ಲೂಕಿನ ಹೆಗ್ಗೋಡಿನ ಅಕ್ಷರ ಪ್ರಕಾಶನದಿಂದ ಹೊರಬಂತು. ಬೆಂಗಳೂರಿನ ಕೊಳ್ಳುಬಾಕತನವನ್ನು ಕುರಿತ ಕತೆಯೊಂದು ಮಲೆನಾಡಿನ ಹಳ್ಳಿಯಲ್ಲಿ ಪುಸ್ತಕವಾದುದು ಗಮನಿಸತಕ್ಕ ಸಂಗತಿ. ಶ್ರೀನಾಥ್ ಪೇರೂರರ ಇಂಗ್ಲಿಷ್ ಅನುವಾದ 2015ರಲ್ಲಿ ಭಾರತದಲ್ಲಿಯೂ 2017ರಲ್ಲಿ ಅಮೆರಿಕದಲ್ಲಿಯೂ ಪ್ರಕಟವಾಗಿ, ಕನ್ನಡದ ಕೃತಿಯೊಂದಕ್ಕೆ ವಿರಳವಾಗಿ ದೊರೆಯುವಷ್ಟು ಓದುಗರನ್ನು ದೊರಕಿಸಿತು.

ಕತೆ ಸರಳವಾದುದು. ಕೆಳಮಧ್ಯಮ ವರ್ಗದ ಕುಟುಂಬವೊಂದು ಬೆಂಗಳೂರಿನ ಇಕ್ಕಟ್ಟಾದ ಬಾಡಿಗೆ ಮನೆಯಲ್ಲಿ ಬದುಕುತ್ತಿದೆ. ಅಪ್ಪ ಮಾರಾಟದ ಕೆಲಸದಲ್ಲಿ ಊರೂರು ಅಲೆಯುವವನು. ಪೈಪೈಗೂ ಲೆಕ್ಕ ಇಡುವವನು. ಮನೆಯಲ್ಲಿ ಇರುವೆಗಳ ಕಾಟ. ಒಂದು ವಸ್ತುವನ್ನು ಕೊಳ್ಳಬೇಕಾದರೆ ಮನೆಮಂದಿಯೆಲ್ಲ ಕುಳಿತು ಮಾತನಾಡಬೇಕು. ಗ್ಯಾಸ್ ಒಲೆ ಬಂದ ದಿನ ಆ ಮನೆಯಲ್ಲಿ ಹಬ್ಬ. ಅಪ್ಪ ಕೆಲಸ ಕಳೆದುಕೊಂಡಾಗ ಬಂದ ಹಣವನ್ನು ಚಿಕ್ಕಪ್ಪ ಆರಂಭಿಸಿದ ‘ಸೋನಾ ಮಸಾಲಾ’ ಎಂಬ ವ್ಯವಹಾರದಲ್ಲಿ ತೊಡಗಿಸುತ್ತಾರೆ. ಕೇರಳದಿಂದ ಸಗಟಾಗಿ ಸಾಂಬಾರ ಪದಾರ್ಥ ತರಿಸುವುದು, ಸಣ್ಣ ಪೊಟ್ಟಣಗಳಲ್ಲಿ ತುಂಬಿ ನಗರದ ಅಂಗಡಿಗಳಿಗೆ ಮಾರುವುದು: ವ್ಯವಹಾರ ಇಷ್ಟೇ. ಹಣ ಹರಿದುಬರುತ್ತದೆ. ಕುಟುಂಬ ದೊಡ್ಡ ಮನೆಗೆ ಹೋಗುತ್ತದೆ. ಕೊಳ್ಳುವುದಕ್ಕೆ ಮೊದಲು ಕೂಡಿ ಮಾತನಾಡುವ ರೂಢಿ ಅಲ್ಲಿಗೆ ನಿಲ್ಲುತ್ತದೆ. ವಸ್ತುಗಳು ತಾವಾಗಿಯೇ ಬಂದು ತುಂಬಿಕೊಳ್ಳುತ್ತವೆ.

ಕತೆ ಹೇಳುವ ಮಗ ಹೆಸರಿಲ್ಲದವನು. ವ್ಯವಹಾರದಲ್ಲಿ ಅವನಿಗೆ ಹುದ್ದೆಯಿದೆ, ಕೆಲಸವಿಲ್ಲ. ದಿನದ ಬಹುಪಾಲನ್ನು ಅವನು ಕಾಫಿ ಹೌಸಿನಲ್ಲಿ ಕಳೆಯುತ್ತಾನೆ. ಅವನ ಹೆಂಡತಿ ಅನಿತಾ ಹೊರಗಿನಿಂದ ಬಂದವಳು. ಈ ಮನೆಯಲ್ಲಿ ಯಾರೂ ಕೇಳದ ಪ್ರಶ್ನೆಗಳನ್ನು ಕೇಳುವವಳು. ಚಿಕ್ಕಪ್ಪನನ್ನು ಹುಡುಕಿಕೊಂಡು ಬಂದ ಹೆಂಗಸೊಬ್ಬಳನ್ನು ಮನೆಯ ಹೆಂಗಸರೇ ಬೈದು ಅಟ್ಟುತ್ತಾರೆ. ಹಣ ತರುವವನನ್ನು ಕಾಯ್ದುಕೊಳ್ಳುವುದೇ ಕುಟುಂಬದ ಧರ್ಮವಾಗುತ್ತದೆ. ಊಟದ ಮೇಜಿನಲ್ಲಿ ಕೊಲೆಯ ಮಾತು ಹಗುರವಾಗಿ ಬರುತ್ತದೆ. ತವರಿಗೆ ಹೋದ ಅನಿತಾ ಹಿಂತಿರುಗಬೇಕಾದ ವೇಳೆಗೆ ಹಿಂತಿರುಗಿಲ್ಲ. ಕೊನೆಯ ಪುಟದಲ್ಲಿ ಕಾಫಿ ಹೌಸಿನ ಮಾಣಿ ವಿನ್ಸೆಂಟ್ ಕತೆಗಾರನ ಕೈಯ ಮೇಲಿನ ರಕ್ತದ ಕಡೆಗೆ ಅವನ ಗಮನ ಸೆಳೆಯುತ್ತಾನೆ. ಕತೆ ಅಲ್ಲಿಗೆ ನಿಲ್ಲುತ್ತದೆ.

ಓದುಗರ ಎರಡು ಪಕ್ಷ

ಈ ಕೃತಿಯನ್ನು ಓದಿದವರು ಕೂಡಿದಲ್ಲೆಲ್ಲ ಎರಡು ಪಕ್ಷಗಳಾಗುತ್ತವೆ.

ಒಂದು ಪಕ್ಷದ ಪ್ರಕಾರ ಇದು ಜಾಗತೀಕರಣದ ಕಾಲದ ಮಧ್ಯಮ ವರ್ಗದ ಅಂತರಂಗವನ್ನು ತೆರೆದು ತೋರಿಸಿದ ಕೃತಿ. ಭಾಷಣವಿಲ್ಲ, ಖಂಡನೆಯಿಲ್ಲ. ಹಣ ಬಂದ ಮೇಲೆ ಒಳ್ಳೆಯವರು ಕೆಟ್ಟವರಾಗುವುದನ್ನು ಅದು ಹೇಳುವುದಿಲ್ಲ. ಒಳ್ಳೆಯತನ ಎಂದುಕೊಂಡದ್ದರಲ್ಲಿ ಬಡತನದ ಪಾಲೆಷ್ಟು, ಮನುಷ್ಯರ ಪಾಲೆಷ್ಟು ಎಂದು ಓದುಗ ತಾನೇ ಕೇಳಿಕೊಳ್ಳುವಂತೆ ಮಾಡುತ್ತದೆ. ಹಳೆಯ ಮನೆಯಲ್ಲಿ ಇರುವೆಗಳನ್ನು ಕೊಲ್ಲುವುದಕ್ಕೆ ಪಳಗಿದ ಕೈ ಹೊಸ ಮನೆಯಲ್ಲಿ ಇನ್ನೇನನ್ನು ಮಾಡಬಲ್ಲದು ಎಂಬ ಭಯ ಓದುಗನ ಮನಸ್ಸಿನಲ್ಲಿ ತಾನಾಗಿ ಮೂಡುತ್ತದೆ.

ಇನ್ನೊಂದು ಪಕ್ಷದ ಆಕ್ಷೇಪಗಳೂ ಬಲವಾದವು. ಕತೆ ಮುಗಿಯುವುದಿಲ್ಲ, ಅನಿತಾಳಿಗೆ ಏನಾಯಿತೆಂದು ಹೇಳದೆ ಲೇಖಕರು ಜಾರಿಕೊಳ್ಳುತ್ತಾರೆ ಎಂಬುದು ಮೊದಲನೆಯದು. ಮನೆಯ ಕ್ರೌರ್ಯವೆಲ್ಲ ಹೆಂಗಸರ ಬಾಯಿಂದಲೇ ಹೊರಬೀಳುತ್ತದೆ, ಹಣ ದುಡಿಯುವ ಗಂಡಸು ಮೌನವಾಗಿ ಉಳಿಯುತ್ತಾನೆ ಎಂಬುದು ಎರಡನೆಯದು. ಮೂರನೆಯದು ಚಳವಳಿಯ ಮಂದಿ ಎತ್ತುವ ಆಕ್ಷೇಪ: ಕೊಳ್ಳುಬಾಕ ಸಂಸ್ಕೃತಿಯನ್ನು ಇಷ್ಟು ನಿಖರವಾಗಿ ಕಂಡ ಲೇಖಕ ಅದರ ವಿರುದ್ಧ ಒಂದು ಪಾತ್ರವನ್ನಾದರೂ ನಿಲ್ಲಿಸಬಾರದಿತ್ತೇ? ಪ್ರಶ್ನಿಸುವ ಒಬ್ಬಳೇ ಒಬ್ಬಳು ಕತೆಯಿಂದ ಕಾಣೆಯಾಗುತ್ತಾಳಲ್ಲ?

ಈ ಎರಡು ಪಕ್ಷಗಳಲ್ಲಿ ಯಾವುದನ್ನೂ ಸುಲಭವಾಗಿ ತಳ್ಳಿಹಾಕುವಂತಿಲ್ಲ. ಇದೇ ಜಗಳ ಇನ್ನೊಂದು ದೇಶದಲ್ಲಿ ಇನ್ನೊಂದು ಕಾದಂಬರಿಯ ಸುತ್ತ ನಾಲ್ಕು ದಶಕಗಳಿಂದ ನಡೆಯುತ್ತಿದೆ. ಅದನ್ನು ನೋಡಿದರೆ ಜಗಳದ ಬೇರು ಕಾಣಬಹುದು.

ಅಮೆರಿಕದ ಸೂಪರ್ ಮಾರ್ಕೆಟ್

‘ವೈಟ್ ನಾಯ್ಸ್’ ಎಂದರೆ ಎಲ್ಲ ಬಗೆಯ ತರಂಗಗಳೂ ಬೆರೆತು ಕಿವಿಗೆ ಒಂದೇ ಸಮನೆ ಬೀಳುವ ಗುಂಯ್‌ಗುಡುವಿಕೆ. ಸದಾ ಇರುವುದರಿಂದಲೇ ಅದು ಕೇಳಿಸದಂತಾಗುತ್ತದೆ. ಡೆಲಿಲೊ ತಮ್ಮ ಕಾದಂಬರಿಗೆ ಮೊದಲು ಇಡಬಯಸಿದ್ದು ‘ಪ್ಯಾನಸೋನಿಕ್’ ಎಂಬ ಹೆಸರನ್ನು. ಆ ಹೆಸರಿನ ಒಡೆತನವಿದ್ದ ಕಂಪನಿ ಒಪ್ಪಲಿಲ್ಲ. ಮಾರಾಟದ ಹೆಸರುಗಳು ಮನುಷ್ಯರ ಒಳಮನಸ್ಸನ್ನು ಹೊಕ್ಕಿವೆ ಎಂದು ಹೇಳಹೊರಟ ಪುಸ್ತಕಕ್ಕೆ ಮಾರಾಟದ ಹೆಸರೊಂದು ದಕ್ಕದೆ ಹೋಯಿತು. ಕಾದಂಬರಿ 1985ರ ಜನವರಿಯಲ್ಲಿ ಹೊರಬಂದು ಅದೇ ವರ್ಷ ಅಮೆರಿಕದ ನ್ಯಾಷನಲ್ ಬುಕ್ ಅವಾರ್ಡ್ ಪಡೆಯಿತು.

ಕಥಾನಾಯಕ ಜ್ಯಾಕ್ ಗ್ಲ್ಯಾಡ್ನಿ ಅಧ್ಯಾಪಕ. ಅವನು ಕಲಿಸುವ ಕಾಲೇಜಿನ ಹೆಸರು ‘ಬೆಟ್ಟದ ಮೇಲಿನ ಕಾಲೇಜು’ ಎಂದೇ ಇದೆ.  ಪುಸ್ತಕ ತೆರೆದುಕೊಳ್ಳುವುದು ವಿದ್ಯಾರ್ಥಿಗಳ ಸಾಮಾನು ಹೊತ್ತ ಕಾರುಗಳ ಸಾಲಿನಿಂದ. ಜ್ಯಾಕ್, ಅವನ ಹೆಂಡತಿ ಬ್ಯಾಬೆಟ್, ಹಲವು ಮದುವೆಗಳಿಂದ ಬಂದ ಮಕ್ಕಳು ಎಲ್ಲರೂ ಸೇರಿ ನೆಮ್ಮದಿ ಕಾಣುವ ಸ್ಥಳ ಸೂಪರ್ ಮಾರ್ಕೆಟ್. ಮನೆಯಲ್ಲಿ ಟಿ.ವಿ. ಸದಾ ಮಾತನಾಡುತ್ತಿರುತ್ತದೆ. ನಿದ್ದೆಯಲ್ಲಿರುವ ಹುಡುಗಿಯೊಬ್ಬಳು ಮಂತ್ರದಂತೆ ಗುನುಗುವುದು ಒಂದು ಕಾರಿನ ಹೆಸರನ್ನು. ಗಂಡಹೆಂಡಿರಿಬ್ಬರಿಗೂ ಸಾವಿನ ಭಯ. ಆ ಭಯವನ್ನು ತೆಗೆಯುತ್ತದೆಂಬ ಮಾತ್ರೆಯನ್ನು ಹೆಂಡತಿ ಗುಟ್ಟಾಗಿ ನುಂಗುತ್ತಿದ್ದಾಳೆ.

ಕಾದಂಬರಿಯ ನಡುವೆ ರೈಲಿನ ಟ್ಯಾಂಕರೊಂದು ಒಡೆದು ವಿಷದ ಕಪ್ಪು ಮೋಡ ಊರಿನ ಮೇಲೆ ಏಳುತ್ತದೆ. ಅದು ಕೀಟನಾಶಕ ತಯಾರಿಕೆಯಲ್ಲಿ ಉಳಿಯುವ ರಾಸಾಯನಿಕ. ಮನೆ ಬಿಡಬೇಕೆಂಬ ಸೂಚನೆ ಬಂದಾಗ ಜ್ಯಾಕ್ ಮೊದಲು ನಂಬುವುದಿಲ್ಲ. ಇಂಥ ವಿಪತ್ತುಗಳು ತಗ್ಗಿನಲ್ಲಿ ಬದುಕುವ ಬಡವರಿಗೆ ಒದಗುವಂಥವು, ಕಾಲೇಜಿನ ಅಧ್ಯಾಪಕರಿಗಲ್ಲ ಎಂಬುದು ಅವನ ವಾದ.

ಪುಸ್ತಕ ಅಂಗಡಿಗೆ ಬರುವುದಕ್ಕೆ ಕೆಲವೇ ವಾರಗಳ ಮುಂಚೆ, 1984ರ ಡಿಸೆಂಬರ್ 2 ಮತ್ತು 3ರ ನಡುವಿನ ರಾತ್ರಿ, ಭೋಪಾಲದಲ್ಲಿ ಯೂನಿಯನ್ ಕಾರ್ಬೈಡ್ ಕಾರ್ಖಾನೆಯಿಂದ ಮೀಥೈಲ್ ಐಸೊಸಯನೇಟ್ ಅನಿಲ ಸೋರಿ ಸಾವಿರಾರು ಜನ ಸತ್ತಿದ್ದರು. ಅಲ್ಲಿ ತಯಾರಾಗುತ್ತಿದ್ದುದೂ ಕೀಟನಾಶಕವೇ. ಕಾದಂಬರಿ ಬರೆದು ಮುಗಿದದ್ದು ಅದಕ್ಕೂ ಮೊದಲು. ಜ್ಯಾಕ್ ಆಡಿದ ಮಾತನ್ನು ಭೋಪಾಲದ ಬೀದಿಗಳು ಅಕ್ಷರಶಃ ನಿಜ ಮಾಡಿದವು: ಕಾರ್ಖಾನೆಯ ಗೋಡೆಗೆ ಒತ್ತಿಕೊಂಡಿದ್ದ ಗುಡಿಸಲುಗಳ ಮಂದಿ ಮೊದಲು ಸತ್ತರು. ಬಹುಕಾಲದ ಮೇಲೆ, 2022ರಲ್ಲಿ, ಈ ಕಾದಂಬರಿ ಚಲನಚಿತ್ರವಾಯಿತು. ಚಿತ್ರೀಕರಣ ನಡೆದದ್ದು ಒಹಾಯೊ ರಾಜ್ಯದಲ್ಲಿ. 2023ರ ಫೆಬ್ರವರಿ 3ರಂದು ಅದೇ ರಾಜ್ಯದ ಈಸ್ಟ್ ಪ್ಯಾಲೆಸ್ಟೈನ್ ಎಂಬ ಊರಿನಲ್ಲಿ ಸರಕು ರೈಲಿನ 38 ಬೋಗಿಗಳು ಹಳಿ ತಪ್ಪಿ, ವಿನೈಲ್ ಕ್ಲೋರೈಡ್ ತುಂಬಿದ ಟ್ಯಾಂಕರುಗಳನ್ನು ಸುಡಬೇಕಾಗಿ ಬಂದು, ಜನ ಮನೆ ಬಿಟ್ಟು ಓಡಿದರು. ಚಿತ್ರದಲ್ಲಿ ಓಡುವ ಜನರ ಪಾತ್ರ ವಹಿಸಿದ್ದ ಕೆಲವರು ನಿಜವಾಗಿ ಓಡಿದವರಲ್ಲಿ ಇದ್ದರು.

ಅಲ್ಲಿಯೂ ಎರಡು ಪಕ್ಷ

ಮೆಚ್ಚುವವರು ಇದನ್ನು ಮುಂಗಂಡ ಕೃತಿ ಎನ್ನುತ್ತಾರೆ. ಜಾಹೀರಾತು, ಟಿ.ವಿ., ಔಷಧಿ, ರಾಸಾಯನಿಕ ಇವೆಲ್ಲ ಬೇರೆಬೇರೆಯಲ್ಲ, ಒಂದೇ ಉಸಿರಿನ ಗಾಳಿ ಎಂಬುದನ್ನು ಅದು ಹಾಸ್ಯದ ಮೂಲಕ ಕಾಣಿಸಿತು ಎಂಬುದು ಅವರ ನಿಲುವು. ಮೆಚ್ಚದವರ ದೂರುಗಳು ಕನ್ನಡದ ಓದುಗರಿಗೆ ಈಗ ಪರಿಚಿತವೆನಿಸಬಹುದು. ಪಾತ್ರಗಳೆಲ್ಲ, ಮಕ್ಕಳೂ ಸೇರಿ, ಒಂದೇ ಧಾಟಿಯಲ್ಲಿ ಮಾತನಾಡುತ್ತಾರೆ. ಕತೆ ಮುಂದೆ ಸಾಗುವುದಿಲ್ಲ. ಕೊನೆಯಲ್ಲಿ ಎಲ್ಲರೂ ಮತ್ತೆ ಸೂಪರ್ ಮಾರ್ಕೆಟ್ಟಿನ ಸಾಲಿನಲ್ಲಿಯೇ ನಿಲ್ಲುತ್ತಾರೆ. ಬಿ.ಆರ್. ಮಯರ್ಸ್ ಎಂಬ ವಿಮರ್ಶಕ 2001ರಲ್ಲಿ ‘ದಿ ಅಟ್ಲಾಂಟಿಕ್’ ಪತ್ರಿಕೆಯಲ್ಲಿ ಅಮೆರಿಕದ ಹಲವು ಪ್ರತಿಷ್ಠಿತ ಲೇಖಕರ ಗದ್ಯವನ್ನು ಕಟುವಾಗಿ ಟೀಕಿಸಿದಾಗ ಈ ಕಾದಂಬರಿಯನ್ನೂ ಬಿಡಲಿಲ್ಲ. ವಸ್ತುಗಳ ಉದ್ದ ಪಟ್ಟಿ ಕೊಟ್ಟ ಮಾತ್ರಕ್ಕೆ ಅದು ವಸ್ತುವ್ಯಾಮೋಹದ ವಿಮರ್ಶೆಯಾಗುವುದೇ ಎಂಬುದು ಆ ಟೀಕೆಯ ತಿರುಳು.

ಎರಡು ದೇಶಗಳ ಈ ಜಗಳಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ನೋಡಿದರೆ ಒಂದು ಸಂಗತಿ ಹೊಳೆಯುತ್ತದೆ. ಮೆಚ್ಚುವವರೂ ಮೆಚ್ಚದವರೂ ನಿಂತು ಮಾತನಾಡುತ್ತಿರುವ ಜಾಗ ಒಂದೇ. ಅದು ಅಂಗಡಿಯ ಗಲ್ಲಾಪೆಟ್ಟಿಗೆಯ ಈಚೆ ಬದಿ, ಕೊಳ್ಳುವವನ ಬದಿ. ಕೊಳ್ಳುವವನನ್ನು ಲೇಖಕ ಸರಿಯಾಗಿ ಬೈದನೇ, ಸರಿಯಾಗಿ ಅರಿತನೇ, ಅವನಿಗೆ ಬಿಡುಗಡೆಯ ದಾರಿ ತೋರಿಸಿದನೇ ಎಂಬುದೇ ಎಲ್ಲರ ಪ್ರಶ್ನೆ. ಸೋನಾ ಮಸಾಲಾದ ಮೆಣಸು ಯಾವ ಬೆಟ್ಟದ ಬಳ್ಳಿಯಿಂದ ಬಂತು, ಅದನ್ನು ಕೊಯ್ದವರಿಗೆ ಎಷ್ಟು ಕೂಲಿ ಸಿಕ್ಕಿತು, ಖಾಲಿ ಪೊಟ್ಟಣ ಯಾವ ಹಳ್ಳಕ್ಕೆ ಬಿತ್ತು ಎಂದು ಯಾವ ಪಕ್ಷವೂ ಕೇಳುವುದಿಲ್ಲ. ಕಾದಂಬರಿಗಳೂ ಹೇಳುವುದಿಲ್ಲ. ಅಮೆರಿಕದ ಸೂಪರ್ ಮಾರ್ಕೆಟ್ಟಿನಲ್ಲಿ ಹಣ್ಣುಗಳು ಹೊಳೆಯುತ್ತವೆ. ಅವುಗಳಿಗೆ ಹೊಲವಿಲ್ಲ, ರೈತನಿಲ್ಲ, ಋತುವಿಲ್ಲ.

ಇದನ್ನು ದೋಷವೆನ್ನಬೇಕಾಗಿಲ್ಲ. ಆ ಮನೆಗಳಿಗೆ ಬೆಟ್ಟ ಕಾಣಿಸುವುದೇ ಇಲ್ಲ. ಕಾಣಿಸದಿರುವುದನ್ನು ಕಾಣಿಸದಂತೆಯೇ ಬರೆದದ್ದು ಲೇಖಕರ ಪ್ರಾಮಾಣಿಕತೆ. ಪೊಟ್ಟಣ ಇರುವುದೇ ಒಳಗಿನ ವಸ್ತುವನ್ನು ಅದರ ಹುಟ್ಟಿನಿಂದ ಬಿಡಿಸುವುದಕ್ಕೆ. ಆದರೆ ಬೆಟ್ಟದಲ್ಲಿ, ಹೊಲದಲ್ಲಿ, ಕೆರೆಯ ಅಂಚಿನಲ್ಲಿ ಕುಳಿತು ಓದುವವರಿಗೆ ಪೊಟ್ಟಣದ ಇನ್ನೊಂದು ತುದಿ ಕೈಯಳತೆಯಲ್ಲಿಯೇ ಇದೆ. ಕೃತಿ ಬಿಟ್ಟುಹೋದ ಅರ್ಧವನ್ನು ತುಂಬಿಕೊಂಡು ಓದುವ ಅರ್ಹತೆ ಇರುವುದು ಅವರಿಗೆ.

ಕೋಲಾರದಿಂದ ಓದಿದಾಗ

ಕೋಲಾರ ಸೀಮೆ ಬೆಂಗಳೂರಿಗೆ ಹಾಲು, ರೇಷ್ಮೆ, ತರಕಾರಿ ಕಳಿಸುವ ಸೀಮೆ. ಕೋಲಾರದ ಎ.ಪಿ.ಎಂ.ಸಿ. ದೇಶದ ದೊಡ್ಡ ಟೊಮೆಟೊ ಮಾರುಕಟ್ಟೆಗಳಲ್ಲಿ ಒಂದು. 2023ರ ಜುಲೈಯಲ್ಲಿ ಇಲ್ಲಿ 15 ಕಿಲೋ ತೂಕದ ಬಾಕ್ಸ್ ಒಂದಕ್ಕೆ 2,000 ರೂಪಾಯಿಗೂ ಮೀರಿದ ಬೆಲೆ ಬಂದಾಗ ಟಿ.ವಿ. ವಾಹಿನಿಗಳು ಧಾವಿಸಿ ಬಂದವು. ಬೆಲೆ ಕುಸಿದು ಕೊಯ್ಲಿನ ಕೂಲಿಯೂ ಹುಟ್ಟದೆ ರೈತರು ಹಣ್ಣನ್ನು ರಸ್ತೆಗೆ ಸುರಿಯುವ ವರ್ಷಗಳಲ್ಲಿ ಆ ವಾಹಿನಿಗಳಿಗೆ ಇಲ್ಲಿಯ ದಾರಿ ನೆನಪಾಗುವುದು ಕಡಿಮೆ. ಡೆಲಿಲೊ ಅವರ ಅಂಗಡಿಯ ಹೊಳೆಯುವ ಹಣ್ಣನ್ನು ಕುರಿತು ಓದುವಾಗ ಕೋಲಾರದ ಓದುಗನಿಗೆ ಆ ಹೊಳಪಿನ ಹಿಂದಿನ ಊರುಗೋಲು, ಮಲ್ಚಿಂಗ್ ಶೀಟು, ಔಷಧಿ ಸಿಂಪಡಣೆ, ಬಡ್ಡಿಯ ಸಾಲ ಎಲ್ಲವೂ ಗೊತ್ತು.

ಇಲ್ಲಿ ಒಂದು ಎಚ್ಚರ ಅಗತ್ಯ. ಬೆಳೆಯುವವನು ನಿರ್ದೋಷಿ, ಕೊಳ್ಳುವವನು ಪಾಪಿ ಎಂದು ಗೆರೆ ಎಳೆದುಬಿಟ್ಟರೆ ಓದು ಸುಲಭವಾಗುತ್ತದೆ, ಸುಳ್ಳೂ ಆಗುತ್ತದೆ. ಭೋಪಾಲದ ಕಾರ್ಖಾನೆ ತಯಾರಿಸುತ್ತಿದ್ದ ಸೆವಿನ್ ಎಂಬ ಕೀಟನಾಶಕ ರೈತನ ಹೊಲಕ್ಕೆಂದೇ ಇದ್ದದ್ದು. ಕಾದಂಬರಿಯ ಕಪ್ಪು ಮೋಡದ ಒಂದು ತುದಿ ಸಿಂಪಡಿಸುವ ರೈತನ ಬೆನ್ನ ಮೇಲಿನ ಡಬ್ಬಿಯಲ್ಲಿದೆ. ಜಾತ್ರೆ ಮುಗಿದ ಮಾರನೆಯ ಬೆಳಿಗ್ಗೆ ಯಾವ ಬೆಟ್ಟದ ಮೆಟ್ಟಿಲನ್ನು ನೋಡಿದರೂ ಗುಟ್ಕಾ, ಕುರುಕಲು ತಿಂಡಿ, ಶಾಂಪೂ ಪೊಟ್ಟಣಗಳು ಹಾಸಿರುತ್ತವೆ. ಹಳ್ಳಿಯೂ ಗಲ್ಲಾಪೆಟ್ಟಿಗೆಯ ಎರಡೂ ಬದಿಯಲ್ಲಿ ನಿಂತಿದೆ.

ಇನ್ನು ನೀರಿನ ಕತೆ. ಸದಾ ಹರಿಯುವ ನದಿಯಿಲ್ಲದ ಈ ಜಿಲ್ಲೆಗೆ 2018ರ ಜೂನ್‌ನಲ್ಲಿ ಕೋರಮಂಗಲ–ಚಲ್ಲಘಟ್ಟ ಕಣಿವೆ ಯೋಜನೆಯ ನೀರು ಬಂತು. ಬೆಂಗಳೂರು ಬಳಸಿ ಬಿಟ್ಟ ನೀರನ್ನು ಎರಡು ಹಂತಗಳಲ್ಲಿ ಶುದ್ಧೀಕರಿಸಿ ಕೊಳವೆಯ ಮೂಲಕ ಕೋಲಾರದ ಕೆರೆಗಳಿಗೆ ಹರಿಸುವ ಯೋಜನೆ ಅದು. ಮೊದಲು ತುಂಬಿದ್ದು ಲಕ್ಷ್ಮೀಸಾಗರ ಕೆರೆ. ಮುಂದಿನ ತಿಂಗಳೇ ಆ ನೀರಿನ ಮೇಲೆ ಬಿಳಿಯ ನೊರೆ ಕಾಣಿಸಿಕೊಂಡಿತು. ನಗರದ ಸ್ನಾನದ ಮನೆ, ಬಟ್ಟೆ ಒಗೆಯುವ ಯಂತ್ರ, ಪಾತ್ರೆ ತೊಳೆಯುವ ಸೋಪಿನ ಪುಡಿ ಕೆರೆಯಂಗಳದಲ್ಲಿ ನೊರೆಯಾಗಿ ಎದ್ದಂತಿತ್ತು. ಇನ್ನೂ ಒಂದು ಹಂತದ ಶುದ್ಧೀಕರಣ ಬೇಕೆಂಬ ಬೇಡಿಕೆ ಹೈಕೋರ್ಟನ್ನೂ ಸುಪ್ರೀಂ ಕೋರ್ಟನ್ನೂ ಮುಟ್ಟಿತು.

ಆಗ ಹಳ್ಳಿಗಳಲ್ಲಿ ಎದ್ದ ಮಾತುಗಳೂ ಎರಡು ಪಕ್ಷವಾಗಿದ್ದವು. ವರ್ಷಗಟ್ಟಲೆ ಬಿರುಕುಬಿಟ್ಟಿದ್ದ ಕೆರೆಯಂಗಳದಲ್ಲಿ ನೀರು ನಿಂತಿದೆ, ಬತ್ತಿದ ಬಾವಿಗಳಲ್ಲಿ ತೇವ ಕಂಡಿದೆ, ಇದಕ್ಕಿಂತ ಇನ್ನೇನು ಬೇಕು ಎಂಬುದು ಒಂದು. ಬಂದದ್ದು ನೀರೋ ನಗರದ ಕೊಳೆಯೋ, ಭೂಮಿಯೊಳಗೆ ಇಳಿದ ಮೇಲೆ ಹಿಂದಕ್ಕೆ ತೆಗೆಯಲಾದೀತೇ ಎಂಬುದು ಇನ್ನೊಂದು. ಈ ಎರಡೂ ಮಾತನ್ನು ಒಂದೇ ಮನೆಯ ಅಣ್ಣತಮ್ಮಂದಿರು ಆಡಿದ್ದುಂಟು. ಒಬ್ಬನೇ ರೈತ ಬೆಳಿಗ್ಗೆ ಒಂದನ್ನು, ಸಂಜೆ ಇನ್ನೊಂದನ್ನು ಆಡಿದ್ದೂ ಉಂಟು. ನೀರಿಲ್ಲದವನಿಗೆ ಬೇಡವೆನ್ನುವ ಸ್ವಾತಂತ್ರ್ಯವಿಲ್ಲ, ಬೇಕೆನ್ನುವ ನಿಶ್ಚಿಂತೆಯೂ ಇಲ್ಲ. ‘ಘಾಚರ್ ಘೋಚರ್’ ಎಂಬ ಪದವನ್ನು ಕಾದಂಬರಿಯಲ್ಲಿ ಅನಿತಾ ಮತ್ತು ಅವಳ ತಮ್ಮ ಚಿಕ್ಕಂದಿನಲ್ಲಿ ಸೃಷ್ಟಿಸಿಕೊಂಡದ್ದು ಬಿಡಿಸಲಾಗದಂತೆ ಗಂಟುಬಿದ್ದ ದಾರಕ್ಕಾಗಿ. ಕೋಲಾರದ ಕೆರೆಯ ನೀರಿಗೂ ಆ ಪದ ಒಪ್ಪುತ್ತದೆ.

ವಕ್ಕಲೇರಿಯಂತೆಯೇ ಕೋಲಾರ ತಾಲ್ಲೂಕಿನ ಹೋಬಳಿಯಾದ ನರಸಾಪುರದಲ್ಲಿ ಐಫೋನ್ ಜೋಡಿಸುವ ಕಾರ್ಖಾನೆಯಿದೆ. ವೇತನದ ವಿವಾದ ಸಿಡಿದು 2020ರ ಡಿಸೆಂಬರ್ 12ರಂದು ಅಲ್ಲಿ ದಾಂಧಲೆಯಾದಾಗ ಪ್ರಪಂಚಕ್ಕೆ ನರಸಾಪುರದ ಹೆಸರು ತಿಳಿಯಿತು. ಆಗ ತೈವಾನಿನ ವಿಸ್ಟ್ರಾನ್ ಕಂಪನಿಯದಾಗಿದ್ದ ಆ ಕಾರ್ಖಾನೆ ಮುಂದೆ ಟಾಟಾ ಸಮೂಹದ ಕೈಗೆ ಬಂತು. ಫೋನ್ ಕೊಳ್ಳುವವರ ಕಣ್ಣಿಗೆ ನರಸಾಪುರದ ಹೆಸರು ಅಷ್ಟಾಗಿ ಬೀಳುವುದಿಲ್ಲ. ಸೋನಾ ಮಸಾಲಾದ ಪೊಟ್ಟಣದ ಮೇಲೆ ಬೆಟ್ಟದ ಹೆಸರಿಲ್ಲದಿರುವುದೂ ಹಾಗೆಯೇ.

ಜಿಲ್ಲೆಯ ಪೂರ್ವಕ್ಕೆ ಕೋಲಾರದ ಚಿನ್ನದ ಗಣಿ. 1880ರಿಂದ ಬ್ರಿಟಿಷ್ ಕಂಪನಿಯ ಹಿಡಿತದಲ್ಲಿ ಬೆಳೆದ ಆ ಗಣಿ 2001ರ ಫೆಬ್ರವರಿ 28ರಂದು ಮುಚ್ಚಿತು. ಚಿನ್ನ ಲೋಕದ ಕೊರಳುಗಳಿಗೆ ಹೋಯಿತು. ಚಿನ್ನ ತೆಗೆದು ಉಳಿದ ಪುಡಿ ಗುಡ್ಡಗುಡ್ಡವಾಗಿ ಅಲ್ಲಿಯೇ ಉಳಿಯಿತು. ಸೈನೈಡ್ ಗುಡ್ಡಗಳೆಂದೇ ಕರೆಯಲ್ಪಡುವ ಅವುಗಳಿಂದ ಗಾಳಿ ಬೀಸುವ ತಿಂಗಳುಗಳಲ್ಲಿ ದೂಳು ಎದ್ದು ಮನೆಗಳ ಮೇಲೆ ಕೂರುತ್ತದೆ. ಅಮೆರಿಕದ ಕಾದಂಬರಿಯಲ್ಲಿ ವಿಷದ ಮೋಡ ಒಂದು ಘಟನೆ, ಬರುತ್ತದೆ, ಹೋಗುತ್ತದೆ. ಗಣಿಯ ಊರಿನಲ್ಲಿ ಅದು ಋತು, ವರ್ಷವರ್ಷವೂ ಬರುತ್ತದೆ.

ಕೆಸರೂರಿನ ಏಲಕ್ಕಿ

‘ವೈಟ್ ನಾಯ್ಸ್’ ಬಂದ 1985ರಲ್ಲಿಯೇ ಪೂರ್ಣಚಂದ್ರ ತೇಜಸ್ವಿಯವರ ‘ಚಿದಂಬರ ರಹಸ್ಯ’ ಪ್ರಕಟವಾಯಿತು. 1987ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಆ ಕಾದಂಬರಿಯ ಕೆಸರೂರು ಏಲಕ್ಕಿಯ ಊರು. ಏಲಕ್ಕಿ ಬೆಳೆ ಕುಸಿಯುತ್ತಿದೆ. ಏಲಕ್ಕಿ ಸಂಶೋಧನೆಯ ವಿಜ್ಞಾನಿಯೊಬ್ಬ ಸತ್ತಿದ್ದಾನೆ. ಪತ್ತೆಗೆ ಅಧಿಕಾರಿ ಬಂದಿದ್ದಾನೆ. ಊರಿನಲ್ಲಿ ಜಾತಿ, ಧರ್ಮ, ಕಳ್ಳನಾಟಾ, ಹುಡುಗರ ಕ್ರಾಂತಿ ಎಲ್ಲವೂ ಸಿಕ್ಕುಬಿದ್ದಿವೆ. ಕೊನೆಗೆ ಬೆಂಕಿ ಎಲ್ಲವನ್ನೂ ನುಂಗುತ್ತದೆ. ಕೊಲೆಯ ರಹಸ್ಯ ರಹಸ್ಯವಾಗಿಯೇ ಉಳಿಯುತ್ತದೆ.

ಪತ್ತೇದಾರಿ ಕತೆಯ ಕುತೂಹಲ ಹುಟ್ಟಿಸಿ ಉತ್ತರ ಕೊಡದೆ ಮುಗಿಸಿದರೆಂದು ಬೇಸರಪಟ್ಟವರು ಈ ಕೃತಿಗೂ ಇದ್ದಾರೆ. ಉತ್ತರ ಸಿಗದಿರುವುದೇ ಅದರ ಸತ್ಯವೆಂದವರೂ ಇದ್ದಾರೆ. ಪೊಟ್ಟಣಕ್ಕೆ ಸೇರುವ ಮೊದಲು ಏಲಕ್ಕಿ ಇದ್ದ ಬೆಟ್ಟವನ್ನು ಈ ಕಾದಂಬರಿ ಕಾಣಿಸುತ್ತದೆ. ಶಾನಭಾಗರ ಮನೆ ಮತ್ತು ತೇಜಸ್ವಿಯವರ ಕೆಸರೂರು ಒಂದೇ ಹಾದಿಯ ಎರಡು ಕೊನೆಗಳು. ಒಂದು ಕಡೆ ಹೆಂಗಸೊಬ್ಬಳ ಗತಿ ತಿಳಿಯುವುದಿಲ್ಲ, ಇನ್ನೊಂದು ಕಡೆ ವಿಜ್ಞಾನಿಯೊಬ್ಬನ ಸಾವು ಬಗೆಹರಿಯುವುದಿಲ್ಲ. ಹಾದಿಯ ನಡುವೆ ಹಣ ಮಾಡಿಕೊಂಡವರು ಎರಡೂ ಕತೆಗಳಲ್ಲಿ ಅಷ್ಟಾಗಿ ಮುಖ ತೋರಿಸುವುದಿಲ್ಲ. ಇವೆರಡನ್ನು ಜೊತೆಗಿಟ್ಟು ಓದಿದರೆ ‘ಲೇಖಕರು ಕತೆ ಮುಗಿಸಲಿಲ್ಲ’ ಎಂಬ ದೂರಿನ ತೂಕ ಬದಲಾಗುತ್ತದೆ. ಅರ್ಧ ಹಾದಿಯನ್ನಷ್ಟೇ ಕಂಡ ಪಾತ್ರಗಳು ಪೂರ್ತಿ ಕತೆ ಹೇಳಿ ಮುಗಿಸುವುದಾದರೂ ಹೇಗೆ?

ತಾಮ್ರಪಟದ ಸಾಕ್ಷಿ

ವಕ್ಕಲೇರಿಯ ಹೆಸರು ಇತಿಹಾಸದ ವಿದ್ಯಾರ್ಥಿಗಳಿಗೆ ಪರಿಚಿತವಾದುದು ಇಲ್ಲಿ ದೊರೆತ ತಾಮ್ರಶಾಸನದಿಂದ. ಬಾದಾಮಿ ಚಾಲುಕ್ಯರ ಇಮ್ಮಡಿ ಕೀರ್ತಿವರ್ಮನು ಕ್ರಿ.ಶ. 757ರಲ್ಲಿ ಹೊರಡಿಸಿದ ಆ ಶಾಸನ ಅವನ ತಂದೆ ಇಮ್ಮಡಿ ವಿಕ್ರಮಾದಿತ್ಯನ ಕಂಚಿಯ ವಿಜಯವನ್ನು ವರ್ಣಿಸುತ್ತದೆ. ಯುದ್ಧದಲ್ಲಿ ಪಲ್ಲವನ ಆನೆಗಳನ್ನು, ಮಾಣಿಕ್ಯದ ರಾಶಿಯನ್ನು, ವಾದ್ಯಗಳನ್ನು ಅವನು ವಶಪಡಿಸಿಕೊಂಡ. ಆದರೆ ಕಂಚಿಯನ್ನು ನಾಶಮಾಡದೆ ಒಳಹೊಕ್ಕು, ರಾಜಸಿಂಹೇಶ್ವರ ಮೊದಲಾದ ದೇವಾಲಯಗಳ ಚಿನ್ನದ ರಾಶಿಯನ್ನು ಅವುಗಳಿಗೇ ಹಿಂದಿರುಗಿಸಿ ಪುಣ್ಯ ಪಡೆದ ಎಂದು ಶಾಸನ ಹೇಳುತ್ತದೆ.

ಇದು ಅರಸರ ಹೊಗಳಿಕೆ. ಅದನ್ನು ಅಷ್ಟರಮಟ್ಟಿಗೆ ಎಚ್ಚರದಿಂದಲೇ ಓದಬೇಕು. ಆದರೂ ಹೊಗಳಬೇಕಾದ ಗುಣ ಯಾವುದೆಂದು ಒಂದು ಕಾಲ ತಿಳಿದಿತ್ತು ಎಂಬುದು ಇದರಿಂದ ಗೊತ್ತಾಗುತ್ತದೆ. ಗೆದ್ದವನು ಕೈಗೆ ಸಿಕ್ಕದ್ದನ್ನು ಬಿಟ್ಟುಬಂದದ್ದು ತಾಮ್ರದಲ್ಲಿ ಕೆತ್ತಿಸಬಹುದಾದ ಕೀರ್ತಿಯಾಗಿತ್ತು. ಅಂಗಡಿಯ ಮುಂದೆ ನಿಂತು, ಜೇಬಿನಲ್ಲಿ ಹಣವಿದ್ದೂ, ಬೇಡವೆಂದು ಹಿಂತಿರುಗಿದವನ ಕತೆಯನ್ನು ಈ ಕಾಲದ ಯಾವ ಜಾಹೀರಾತೂ ಹೇಳುವುದಿಲ್ಲ. ‘ಘಾಚರ್ ಘೋಚರ್’ನ ಹಳೆಯ ಮನೆಯಲ್ಲಿ ಆ ಗುಣದ ನೆರಳಾದರೂ ಇತ್ತು: ಕೊಳ್ಳುವುದಕ್ಕೆ ಮೊದಲು ಮನೆಮಂದಿ ಕೂಡಿ ಮಾತನಾಡುತ್ತಿದ್ದರು.

ಓದಿನಿಂದ ಆಗಬೇಕಾದದ್ದು

ಹಾಗಾದರೆ ಎರಡು ಪಕ್ಷಗಳ ಜಗಳ ಎಲ್ಲಿಗೆ ಬಂತು? ಕಾದಂಬರಿ ದಾರಿ ತೋರಿಸಬೇಕೆಂಬ ಚಳವಳಿಯ ಮಂದಿಯ ನಿರೀಕ್ಷೆ ಗೌರವಯೋಗ್ಯ. ಆದರೆ ದಾರಿ ತೋರಿಸುವುದು ಗ್ರಾಮಸಭೆಯ ಕೆಲಸ. ಕೆರೆಯ ನೀರಿಗೆ ಇನ್ನೊಂದು ಹಂತದ ಶುದ್ಧೀಕರಣ ಬೇಕೆಂದು ಯಾವ ಕಾದಂಬರಿಯೂ ಅರ್ಜಿ ಹಾಕಲಾರದು. ಕಾದಂಬರಿಯನ್ನು ಕಲೆಯಾಗಿ ಮಾತ್ರ ಸವಿಯಬೇಕೆಂಬ ವಾದವೂ ಕೋಲಾರದಲ್ಲಿ ಅರ್ಧಕ್ಕೇ ನಿಲ್ಲುತ್ತದೆ. ಯಾಕೆಂದರೆ ಇಲ್ಲಿ ಕಾದಂಬರಿಯ ಉಳಿದರ್ಧ ಕಿಟಕಿಯ ಹೊರಗೇ ಇದೆ.

ವಿದ್ಯಾರ್ಥಿಗಳು ಒಂದು ಕೆಲಸ ಮಾಡಬಹುದು. ಈ ಕೃತಿಗಳಲ್ಲಿ ಒಂದನ್ನು ಗುಂಪಾಗಿ ಓದಿ, ಅದರಲ್ಲಿ ಬರುವ ಒಂದು ವಸ್ತುವನ್ನು ಹಿಡಿದು, ಅದು ಬಂದ ದಾರಿಯನ್ನೂ ಹೋಗುವ ದಾರಿಯನ್ನೂ ಮನೆಯ ಹಿರಿಯರನ್ನು ಕೇಳಿ ಬರೆದಿಡಬಹುದು. ಮೆಣಸಿನ ಪೊಟ್ಟಣವಾಗಲಿ, ಟೊಮೆಟೊ ಬಾಕ್ಸಾಗಲಿ, ಸೋಪಿನ ಪುಡಿಯಾಗಲಿ, ಆದೀತು. ಮನೆಗೆ ಮೊದಲು ಬಂದ ಗ್ಯಾಸ್ ಒಲೆಯ ದಿನ ಅಜ್ಜಿಯಂದಿರಿಗೆ ನೆನಪಿರುತ್ತದೆ. ಕಳೆದ ತಿಂಗಳು ಕೊಂಡ ಹತ್ತು ವಸ್ತುಗಳು ಯಾರಿಗೂ ನೆನಪಿರುವುದಿಲ್ಲ. ಈ ಎರಡರ ನಡುವೆ ಏನು ನಡೆಯಿತೆಂದು ಮನೆಯಲ್ಲಿ ಒಮ್ಮೆ ಮಾತು ಆರಂಭವಾದರೆ ಕಾದಂಬರಿ ಅರ್ಧಕ್ಕೆ ಬಿಟ್ಟ ಕತೆ ಮುಂದುವರಿಯುತ್ತದೆ.

ಭಿನ್ನಮತ ಉಳಿಯಲಿ. ಒಂದು ಊರಿನ ಓದುಗರು ಪುಸ್ತಕದ ಬಗ್ಗೆ ಜಗಳವಾಡುವುದನ್ನು ಕಲಿತರೆ ನೀರಿನ ಬಗ್ಗೆ, ಕಲ್ಲಿನ ಬಗ್ಗೆ, ಮಣ್ಣಿನ ಬಗ್ಗೆ ಇನ್ನೊಬ್ಬರ ಮಾತನ್ನು ಕೊನೆಯವರೆಗೆ ಕೇಳಿ ಜಗಳವಾಡುವ ರೂಢಿಯೂ ಬರುತ್ತದೆ. ಕೆರೆಯ ಸಭೆಗಳಲ್ಲಿ ಇಂದು ಕೊರತೆಯಾಗಿರುವುದು ಆ ರೂಢಿ.